ಊಟಕ್ಕ ಮುಂಚೆ ಓಪನ್

ತೀನ್ ಕಂದೀಲಿನ ಸಂದಿಯಲ್ಲಿ ನಮ್ಮ ಲ್ಯಾಬು.
ಷಟರ್ ಅರ್ಧ ಎತ್ತುವಾಗಲೇ ಮೆಟ್ಟಿಲ ಮೇಲೆ ಸೂಗಮ್ಮ,
ಬರಿಹೊಟ್ಟೆಯಲ್ಲಿ, ಬೆರಳು ಮುಂದೆ ಮಾಡಿಕೊಂಡು.
ಅರವತ್ತೊಂಬತ್ತು ವಯಸ್ಸು.
ಜಿನ್ನಿಂಗ್ ಮಿಲ್ಲಿನಲ್ಲಿ ಮೂವತ್ತು ವರ್ಷ
ಹತ್ತಿಯ ಧೂಳು ಕುಡಿದ ಎದೆ.
ಮಾತಿಗೆ ಮೊದಲು ಒಂದು ಕೆಮ್ಮು,
ಮಾತಿನ ನಡುವೆ ಎರಡು.

'ಪೇಷಂಟ್ ಅಂದ್ರ ಹಿಂಗಿರಬೇಕು' ಅಂದಿದ್ದರು ಡಾಕ್ಟರು,
'ತಿಂಗಳಿಗೊಮ್ಮೆ ಬಾ ಅಂದ್ರ ವಾರಕ್ಕೆರಡು ಸಲ ಬರ್ತಾಳ.'
ಹಿರಿಯರಿಗೆ ಅರ್ಧ ದರ, ಅವಳಿಗೆ ಅದರಲ್ಲೂ ಅರ್ಧ.
ಬಂದವರಿಗೆಲ್ಲ ಅವಳನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದೆ.

'ತಮ್ಮಾ, ಎಷ್ಟು ಬಂತು? ಬಾಯಿಲೆ ಹೇಳು.'
'ಇನ್ನೂರ ಎಂಬತ್ತಾರು. ಭಾಳ ಆತಬೇ.'
'ಎರಡು, ಎಂಟು, ಆರು...'
ಗೆಣ್ಣುಗಳ ಮೇಲೆ ಹೆಬ್ಬೆರಳು ಹರಿದಾಡಿತು.
'ಹದಿನಾರು. ಅಂದ್ರ ಆರು.'
ಯಾವುದೋ ಹರಕೆಯ ಲೆಕ್ಕ ಅಂದುಕೊಂಡೆ.

ಉಂಡು ಎರಡು ತಾಸಿಗೆ ಮತ್ತೆ ಬಂದಳು.
ಮುನ್ನೂರ ನಲವತ್ತೊಂದು.
ಮೂರು, ನಾಲ್ಕು, ಒಂದು. ಎಂಟು.
ಉಪವಾಸದ್ದು ಓಪನ್, ಉಂಡಮೇಲಿನದು ಕ್ಲೋಸ್,
ಅರವತ್ತೆಂಟು ಜೋಡಿ
ಗಂಜಿನ ಚಹಾದಂಗಡಿಯ ಹಿಂದೆ
ತಿಪ್ಪಯ್ಯನ ಚೀಟಿಗೆ.
ಇದು ನನಗೆ ತಿಳಿದದ್ದು
ಅವಳ ಬಲಗಾಲಿನ ಕಿರುಬೆರಳು ಕಪ್ಪಾದ ಮೇಲೆ.

ಒಂದೇ ಸಲ ಹತ್ತಿತ್ತಂತೆ.
ಎರಡು ವರ್ಷದ ಹಿಂದೆ, ಕಾರಹುಣ್ಣಿಮೆ ಮರುದಿನ,
ನಾನೇ ಹೇಳಿದ ಅಂಕಿ. ಐವತ್ತಕ್ಕೆ ನಾಲ್ಕು ಸಾವಿರ.
ಅಂದು ನನಗೆ ಪಾವು ಕಿಲೋ ಜಿಲೇಬಿ ತಂದಿದ್ದಳು.
'ನಿನ್ನ ಕೈಗುಣ ಚಲೋ ಅದ' ಅಂದಿದ್ದಳು.
ಸೂಜಿಯ ಮಾತು ಅಂದುಕೊಂಡು ನಾನು ತಿಂದಿದ್ದೆ.

ಆಮೇಲೆ ಗುಳಿಗೆ ಬಿಟ್ಟಳು.
ವಿಧವಾ ವೇತನ ಅಷ್ಟೂ ಅಂಕಿಗೇ ಬೇಕಾಯಿತು, ಅದು ಒಂದು.
ಇನ್ನೊಂದನ್ನು ರಿಮ್ಸ್ ವಾರ್ಡಿನಲ್ಲಿ ಅವಳೇ ಹೇಳಿದಳು,
ಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡು,
ಮಗಳು ನೀರು ತರಲು ಹೋದ ಹೊತ್ತು ನೋಡಿ:

'ಗುಳಿಗಿ ನುಂಗಿದ್ರ ಅಂಕಿ ಜಿಗಿಯಂಗಿಲ್ಲಪ್ಪ.
ನೂರಾ ಮೂವತ್ತು, ನೂರಾ ನಲವತ್ತು,
ಬರೀ ಒಂದರ ಮನ್ಯಾಗ ಕುಂತುಬಿಡ್ತಾವ.
ಮುದುಕಿ ಮೈಯಾಗ ಮತ್ತ್ಯಾವುದು ಜಿಗೀತದ ಹೇಳು?'

ನನ್ನ ಬಳಿ ಉತ್ತರ ಇರಲಿಲ್ಲ.
ತಂದಿದ್ದ ಮೋಸಂಬಿಗಳನ್ನು ಸ್ಟೂಲಿನ ಮೇಲಿಟ್ಟೆ.
ಅವಳು ಪಟ್ಟಿಯನ್ನೇ ನೋಡುತ್ತ
'ಹತ್ತರಾಗ ಒಂದು ಹೋತು. ಒಂಬತ್ತು' ಅಂದಳು,
ಅಂದು ಸುಮ್ಮನಾದಳು.
ಆ ಸುಮ್ಮನಿರುವುದನ್ನು ನಾನು ದುಃಖ ಅಂದುಕೊಂಡೆ.

ಈಗ ಕೋಲೂರಿಕೊಂಡು ಬರುತ್ತಾಳೆ, ಮಗಳ ಜೊತೆ.
ಕಾಗದ ಮಡಿಸಿ ಮಗಳ ಕೈಗೆ ಕೊಡುತ್ತೇನೆ.
ಅಂಕಿ ಬಾಯಿಗೆ ತರುವುದಿಲ್ಲ.
ಆದರೂ ಯಾರದೇ ರಿಪೋರ್ಟು ಬರೆಯುವಾಗಲೂ
ನನ್ನ ಪೆನ್ನು ಒಂದು ಗಳಿಗೆ ನಿಂತು
ಮೂರನ್ನೂ ಕೂಡಿಬಿಡುತ್ತದೆ.

'ಹೆಂಗದ ತಮ್ಮಾ?'
'ಕಡಿಮಿ ಆಗ್ಯಾದಬೇ. ಚಲೋ ಆತು.'
'ಕಡಿಮಿ ಅಂದ್ರ?' ಅನ್ನುತ್ತಾಳೆ.
ಹೆಬ್ಬೆರಳು ಆಗಲೇ
ಮೊದಲ ಗೆಣ್ಣಿನ ಮೇಲೆ.