ಸಂಪುಟ ಹದಿನೇಳು, ಪುಟ ನಾನೂರ ಹನ್ನೆರಡು

ಹ್ಯಾಲಿಫ್ಯಾಕ್ಸ್ ಬಂದರಿನ ಮಂಜು
ಕೋರ್ಟಿನ ಕಿಟಕಿಗೂ ಬಂದು ನಿಲ್ಲುತ್ತದೆ,
ವಾಯಿದೆ ಕೇಳುವವರ ಹಾಗೆ.
ನಾನು ಕೆಳಗೆ, ನೆಲಮಾಳಿಗೆಯಲ್ಲಿ,
ಮೂವತ್ತೊಂದು ವರ್ಷದಿಂದ ಹಳೆಯ ತೀರ್ಪುಗಳ ಧೂಳು ಒರೆಸುವವಳು.
ಈಚೆಗೆ ಯಾರೂ ಇಳಿದು ಬರುವುದಿಲ್ಲ.
ಮೆಟ್ಟಿಲಿನ ಬಲ್ಬು ಹೋಗಿ ಎರಡು ತಿಂಗಳು;
ದೂರು ಬರೆದವಳೂ ನಾನೇ, ಸ್ವೀಕರಿಸಿದವಳೂ ನಾನೇ.

ಮಂಗಳವಾರ ಮೇಲಿನಿಂದ ಒಂದು ಚೀಟಿ ಬಂತು.
ನ್ಯಾಯಾಧೀಶೆ ಮ್ಯಾಕಾಸ್ಕಿಲ್ ಅವರ ಓರೆ ಅಕ್ಷರ:
ಸೆರಫೀನ್ ಬೂದ್ರೋ ವಿರುದ್ಧ ಒಂದು ಹಡಗು ಕಂಪನಿ,
ಸಂಪುಟ ಹದಿನೇಳು, ಪುಟ ನಾನೂರ ಹನ್ನೆರಡು.
ಅಡಿಗೆರೆ ಎಳೆದು, ಇದು ಇದೆಯೇ?

ಜೊತೆಗೆ ವಕೀಲರ ವಾದಪತ್ರ.
ಓದಬೇಕಾಗಿರಲಿಲ್ಲ. ಓದಿದೆ.
ಎಂಥ ತೀರ್ಪು ಅಂತೀರಿ!
ಗಂಡ ಸಮುದ್ರದ ಪಾಲಾದ ಮೇಲೂ
ಹಡಗು ದಡ ಮುಟ್ಟುವ ದಿನದವರೆಗಿನ ಸಂಬಳ
ಹೆಂಡತಿಗೇ ಸಲ್ಲಬೇಕೆಂದು
ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಿಡಿಸಿ ಹೇಳಿದ ತೀರ್ಪು.
‘ಮುಳುಗಿದವನ ಪಾಳಿ ಇನ್ನೂ ಮುಗಿದಿಲ್ಲ’
ಎಂಬ ಸಾಲಿಗೆ ಬಂದಾಗ
ಕನ್ನಡಕ ತೆಗೆದು ಒರೆಸಿಕೊಂಡೆ.

ಹದಿನೇಳನ್ನು ಇಳಿಸಿದೆ. ಬೆನ್ನು ಬಿರಿದ ತೊಗಲು,
ಬೆಲ್ಲದ ಬಣ್ಣಕ್ಕೆ ತಿರುಗಿದ ಹಾಳೆ.
ನಾನೂರ ಹನ್ನೆರಡರಲ್ಲಿ ಸೆರಫೀನ್ ಇರಲಿಲ್ಲ.
ಹದಿನಾರರಲ್ಲಿ, ಹದಿನೆಂಟರಲ್ಲಿ, ಅಕಾರಾದಿಯಲ್ಲಿ,
ಹರಿದ ಹಾಳೆಗಳ ಡಬ್ಬಿಯಲ್ಲೂ ಇರಲಿಲ್ಲ.
ಹುಟ್ಟದ ಹೆಂಗಸು, ಮುಳುಗದ ಗಂಡ,
ನೀರಿಗೆ ಇಳಿಯದ ಹಡಗು.
ಅಷ್ಟು ಕರುಣೆಯಿಂದ ಬರೆದ ಆ ನ್ಯಾಯಮೂರ್ತಿಗೆ
ತಾಯಿಯೂ ಇರಲಿಲ್ಲ, ಅಜೀರ್ಣವೂ ಇರಲಿಲ್ಲ.

ಆ ಪುಟದಲ್ಲಿ ಇದ್ದದ್ದು ಬೇರೊಬ್ಬಳು,
ಲವೀನಿಯಾ ಕ್ನಿಕಲ್.
ಮೀನಿಗೆ ಉಪ್ಪು ಹಾಕುವ ಶೆಡ್ಡಿನ ದಿನಗೂಲಿ,
ಒದ್ದೆ ನೆಲದಲ್ಲಿ ಜಾರಿ ಸೊಂಟ ಮುರಿದುಕೊಂಡವಳು.
ನೆಲ ಒದ್ದೆಯೆಂದು ಅವಳಿಗೆ ಗೊತ್ತಿತ್ತು,
ಆದ್ದರಿಂದ ದಾವೆ ವಜಾ, ಖರ್ಚು ಸಹಿತ.
ಒಂದೂವರೆ ಪುಟ. ಕಣ್ಣೊರೆಸಿಕೊಳ್ಳುವ ಸಾಲು ಒಂದೂ ಇಲ್ಲ.
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಗೀಚಿದ
ಒಂದು ಪ್ರಶ್ನಾರ್ಥಕ ಚಿಹ್ನೆ.

ಚೀಟಿಯ ಹಿಂದೆ ‘ಇಲ್ಲ’ ಎಂದು ಬರೆದೆ.
ಎರಡಕ್ಷರಕ್ಕೆ ಅಷ್ಟು ಹೊತ್ತು ಹಿಡಿದದ್ದು ಯಾಕೋ.

ಸಂಜೆ ಅವನೇ ಇಳಿದು ಬಂದ, ಡಾರ್ಸಿ ಕೊಮೊ,
ಅಂಗಿಯ ತೋಳಿನಲ್ಲಿ ಕಾಫಿ ಕಲೆ.
ದಂಡ ಎಂಟುನೂರು ಡಾಲರ್, ನಾಳೆ ಮತ್ತೆ ವಿಚಾರಣೆ.
ಕಕ್ಷಿದಾರೆ ರೋಸಲಿ ಮೇಲೆ ಬೆಂಚಿನಲ್ಲಿದ್ದಾಳಂತೆ,
ಫೆಬ್ರವರಿಯಲ್ಲಿ ಗಂಡ ಡೆಕ್ಕಿನಿಂದ ಬಿದ್ದ ದಿನ
ಮಧ್ಯಾಹ್ನಕ್ಕೇ ಸಂಬಳ ನಿಲ್ಲಿಸಿದ್ದಾರಂತೆ.
‘ರಾತ್ರಿ ಎರಡು ಗಂಟೆ. ಕೇಳಿದೆ, ಕೊಟ್ಟಿತು.
ಅಷ್ಟು ಚೆಂದ ಇತ್ತು, ಮೇಡಂ.’
ಕೈಯಲ್ಲಿದ್ದ ಕಡತದಿಂದ ಬಿಲ್ಲು ಇಣುಕುತ್ತಿತ್ತು:
ಸಂಶೋಧನೆ, ಆರು ಗಂಟೆ.
ನಾನು ಅದನ್ನೇ ನೋಡುತ್ತಿದ್ದೆ.
‘ನಾಲ್ಕು ನಿಮಿಷ’ ಅಂದ, ಯಾರೂ ಕೇಳದೆ.

ಬೈಯಬಹುದಿತ್ತು.
ಪ್ರಮಾಣ ಮಾಡಿದವನು ನೀನು,
ಪ್ರಮಾಣಿಸಿ ನೋಡಬೇಕಾದವನೂ ನೀನೇ ಅಲ್ಲವೇ ಎಂದು.
ಅಂದೂಬಿಟ್ಟೆ, ಅನ್ನಿ.
ಆದರೆ ಆ ಸೆರಫೀನಳಿಗೆ ನಾನೂ ಅತ್ತಿದ್ದೆನಲ್ಲ,
ಅದನ್ನು ಮಾತ್ರ ಹೇಳಲಿಲ್ಲ.

ಸ್ಟೂಲು ಎಳೆದುಕೊಟ್ಟೆ.
ಎಂಟು ಗಂಟೆಯವರೆಗೆ ಹುಡುಕಿದೆವು,
ಅವನು ಸೀನುತ್ತ, ನಾನು ಏಣಿಯ ಮೇಲೆ.
ಒಂದು ಸಿಕ್ಕಿತು, ಇಪ್ಪತ್ತೆರಡರಲ್ಲಿ:
ಅಡುಗೆಯವನ ಹೆಂಡತಿಗೆ ಹನ್ನೊಂದು ದಿನದ ಕೂಲಿ, ಅದೂ ಅರ್ಧ,
ಮೂವರಲ್ಲಿ ಒಬ್ಬ ನ್ಯಾಯಮೂರ್ತಿಯ ಭಿನ್ನಮತದೊಂದಿಗೆ.
‘ಇದು ಕುಂಟುತ್ತದೆ’ ಅಂದ.
‘ಕುಂಟಲಿ, ಕಾಲಿದೆಯಲ್ಲ.’

ಬಿಲ್ಲಿನ ಆರನ್ನು ಹೊಡೆದು ಏನೋ ಬರೆದ,
ಎಷ್ಟೆಂದು ಬಗ್ಗಿ ನೋಡಲಿಲ್ಲ.
ಹೋಗುವ ಮುಂಚೆ ಹದಿನೇಳನ್ನು ತಾನೇ ತೆರೆದು
ಕೆಲಸಕ್ಕೆ ಬಾರದ ಆ ಒಂದೂವರೆ ಪುಟವನ್ನು
ನಿಂತುಕೊಂಡೇ ಓದಿದ.
ಆಮೇಲೆ ಫೋನಿನ ಬೆಳಕು ಹಿಡಿದು
ಕತ್ತಲೆ ಮೆಟ್ಟಿಲು ಹತ್ತಿದ,
ಪ್ರತಿ ಮೆಟ್ಟಿಲನ್ನೂ ಮೊದಲು ಕಾಲಲ್ಲಿ ತಡವಿ.