ಕೊಳವೆಗೆ ಕಿವಿ

ಗ್ಯುಮ್ರಿ ಮಲಗುವುದು ರಾತ್ರಿ ಎರಡರ ಮೇಲೆ.
ಅಲ್ಲಿಯವರೆಗೆ ನಮಗೆ ಕೆಲಸವಿಲ್ಲ, ನಾಯ್ರಾ.
ವ್ಯಾನಿನೊಳಗೆ ಕೂತು ಚಹಾ ಕುಡಿ,
ಕೈಗವಸು ಮಾತ್ರ ತೆಗೆಯಬೇಡ.

ಇಗೋ ನೋಡು, ಇದು ಬೀಚ್ ಮರದ ಕೋಲು.
ಒಂದು ತುದಿ ವಾಲ್ವಿಗೆ, ಇನ್ನೊಂದು ಕಿವಿಗೆ.
ನನಗಿಂತ ಮೊದಲು ಹಾಂಬೋ ಎಂಬವನದು;
ಅವನ ಕಿವಿಯ ಜಿಡ್ಡಿಗೆ ತುದಿ ಇನ್ನೂ ಕಪ್ಪು.

ನಿನಗೆ ಕೊಟ್ಟಿರುವುದು ಹೊಸ ಡಬ್ಬಿಗಳು,
ಅಯಸ್ಕಾಂತದ ಕಾಲು, ಕಿರುಬೆರಳಿನಷ್ಟು ಆಂಟೆನಾ.
ನಲವತ್ತು ಗುಂಡಿಗಳಲ್ಲಿ ನಲವತ್ತು ಇಟ್ಟು ಬಂದರೆ
ಬೆಳಗಾಗುವಾಗ ಪರದೆಯ ಮೇಲೆ ಕೆಂಪು ಚುಕ್ಕೆ.
ಒಳ್ಳೆಯದೇ ಆಯಿತು.
ನನ್ನ ಎಡಗಿವಿ ಹೋದ ವರ್ಷವೇ ಕೈಕೊಟ್ಟಿದೆ.

ಆದರೂ ಕೇಳಿಟ್ಟುಕೋ:
ಕಬ್ಬಿಣದ ಬಿರುಕು ಬಾಣಲೆಯ ಬೆಣ್ಣೆಯ ಹಾಗೆ ಸುಯ್ಯೆನ್ನುತ್ತದೆ.
ಸಡಿಲಾದ ಕೀಲು ಗೊಣಗುತ್ತದೆ, ಮುದುಕರ ಹಾಗೆ, ಯಾರಿಗೂ ಅಲ್ಲದೆ.
ಪ್ಲಾಸ್ಟಿಕ್ ಪೈಪು ಏನನ್ನೂ ಹೇಳುವುದಿಲ್ಲ,
ಅದಕ್ಕೆ ನಿನ್ನ ಡಬ್ಬಿಯೂ ಕಿವುಡೇ.

ಹೋದ ಚಳಿಗಾಲ ಒಂದು ಕೆಂಪು ಚುಕ್ಕೆ
ಒಂದೇ ಬೀದಿಯಲ್ಲಿ, ನಾಲ್ಕು ರಾತ್ರಿ, ಮೂರು ಗಂಟೆಗೆ.
ಕಚೇರಿಯ ಗೇಗಮ್ ಅಗೆಯುವ ಯಂತ್ರಕ್ಕೆ ಚೀಟಿ ಬರೆದೂ ಆಗಿತ್ತು.
ತಡೆಯಪ್ಪ ಎಂದು ಮೊಣಕಾಲೂರಿದೆ, ಮಂಜಿನ ಮೇಲೆ.
ನೀರು ಶುರುವಾಯಿತು. ಹರಿಯಿತು. ನಿಂತಿತು.

ಸೋರುವ ನೀರಿಗೆ ನಿಲ್ಲುವುದು ಗೊತ್ತಿಲ್ಲ, ಮಗಳೇ.
ನಿಲ್ಲುವ ನೀರಿನ ಹಿಂದೆ ಒಂದು ಕೈ ಇರುತ್ತದೆ.

ಕೈ ಷುಷಾನಿಕ್ ಅಜ್ಜಿಯದು.
ರಾತ್ರಿಯಂಗಿಯ ಮೇಲೆ ಗಂಡನ ಕೋಟು ಹಾಕಿಕೊಂಡು ಬಾಗಿಲು ತೆಗೆದಳು.
ಸ್ನಾನದ ತೊಟ್ಟಿ ಅಂಚಿನವರೆಗೆ.
ಬಕೆಟ್ಟು, ಉಪ್ಪಿನಕಾಯಿ ಜಾಡಿ, ಸೂಪಿನ ಪಾತ್ರೆ,
ಹೂವಿಲ್ಲದ ಹೂದಾನಿ, ಅದೂ ತುಂಬಿ.
ದಿನಾ ರಾತ್ರಿ ನಿನ್ನೆಯದನ್ನು ಚೆಲ್ಲುತ್ತಾಳೆ,
ಇವತ್ತಿನದನ್ನು ಹಿಡಿಯುತ್ತಾಳೆ.
ಹಳಸಿದ ನೀರು ಯಾರಿಗೆ ಬೇಕು, ಎಂದಳು.

ಗೇಗಮ್ ಪಾಪ, ಟ್ಯಾಬ್ಲೆಟ್ ತೆರೆದು
ಹೊಸ ಜಲಾಗಾರ ತೋರಿಸಿದ, ಒತ್ತಡದ ನೀಲಿ ಗೆರೆ ತೋರಿಸಿದ:
ಈಗ ಇಪ್ಪತ್ನಾಲ್ಕು ಗಂಟೆಯೂ ಬರುತ್ತದೆ, ಅಜ್ಜಿ.

ಗೊತ್ತು, ಎಂದಳು ವಾಲ್ನಟ್ ಹಾಕಿದ ಜಾಮ್ ಮುಂದಿಡುತ್ತ.
ಮೂರು ವರ್ಷದಿಂದ ಬರುತ್ತಿದೆ.
ಅದಕ್ಕೆ ಮೊದಲು ಮೂವತ್ತು ವರ್ಷ
ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ಬಂದರೆ.
ಅದಕ್ಕೂ ಮೊದಲು, ನೆಲ ನಡುಗಿದ ಡಿಸೆಂಬರಿನಲ್ಲಿ
ಹನ್ನೊಂದು ದಿನ ಹಿಮ ಕರಗಿಸಿ ಮಕ್ಕಳಿಗೆ ಕುಡಿಸಿದ್ದೇನೆ.
ಇಟ್ಟಿಗೆ ಧೂಳಿನ ರುಚಿ ಅದಕ್ಕೆ.
ಲೆಕ್ಕ ನೀನೇ ಮಾಡು, ಓದಿದವನು.

ಅವನು ಲೆಕ್ಕ ಮಾಡಲಿಲ್ಲ. ಜಾಮ್ ತಿಂದ.

ನಾನು ಚೌಕಾಸಿಗೆ ಕೂತೆ:
ತೊಟ್ಟಿಗೊಂದು ಹಲಗೆ ಮುಚ್ಚು, ಭಾನುವಾರ ಬದಲಿಸು.
ಭಾನುವಾರ ಮತ್ತು ಬುಧವಾರ, ಎಂದಳು.
ಹೂದಾನಿ ಬಿಡು, ಎಂದೆ.
ಹೂದಾನಿ ಬಿಡುವುದಿಲ್ಲ, ಎಂದಳು.
ನಾಲ್ಕು ಗಂಟೆಗೆ ಒಪ್ಪಂದವಾಯಿತು.

ವರದಿಯಲ್ಲಿ ಮೂರು ಕಲಮು: ಸೋರಿಕೆ, ಕಳವು, ಮೀಟರ್ ದೋಷ.
ಗೇಗಮ್ ಪೆನ್ನು ಹಿಡಿದು ನನ್ನ ಮುಖ ನೋಡಿದ.
ಕೊನೆಗೆ ಮೀಟರ್ ಎಂದೇ ಬರೆದ.
ಹೊಸ ಮೀಟರ್ ಹಾಕಿಯೂ ಬಂದರು, ಹೇಳಿದ ಸುಳ್ಳಿಗೆ ದಂಡ ತೆತ್ತಂತೆ.
ಈಗ ಆ ಬೀದಿಯ ಚುಕ್ಕೆ ವಾರಕ್ಕೆರಡು ಸಲ ಕೆಂಪಾಗುತ್ತದೆ.
ನೋಡಿದರೆ ಹೆದರಬೇಡ, ಅಗೆಯಲೂ ಬೇಡ.

ನಗು, ನಗು.
ನನ್ನ ಮಂಚದ ಕೆಳಗೆ ಎಷ್ಟು ಬಾಟಲಿ ಎಂದು ಮಾತ್ರ ಕೇಳಬೇಡ.
ಇಲಾಖೆಯಲ್ಲಿ ನನ್ನದು ಇಪ್ಪತ್ತಾರನೆಯ ವರ್ಷ.

ಎರಡಾಯಿತು. ಕೊನೆಯ ಟ್ಯಾಕ್ಸಿಯೂ ಹೋಯಿತು.
ಇಳಿ. ಟೋಪಿ ಒಂದು ಕಿವಿಯಷ್ಟು ಮೇಲೆ ಸರಿಸು.
ಕೋಲು ಒತ್ತಬೇಡ, ಆನಿಸು.
ಮೊದಲು ನಿನ್ನದೇ ರಕ್ತ ಕೇಳಿಸುತ್ತದೆ, ಧಬ ಧಬ.
ಅದು ಅಡಗುವವರೆಗೆ ಕಾಯಿ.
ಆಮೇಲೆ ಊರು.