ಕರ್ಮಣಿ ಪ್ರಯೋಗ

ಅವಳ ಹಾಳೆಯ ಮೇಲೆ ನನ್ನ ಅಕ್ಷರ ಬೀಳಕೂಡದು,
ಇಲ್ಲಿ ನಿಯಮ ಅಷ್ಟೇ.

ಕಲೀನಾ, ಲೈಬ್ರರಿಯ ಮೆಟ್ಟಿಲ ಕೆಳಗೆ
ಕಾಲೊಂದು ಕುಂಟುವ ಮೇಜು.
ಗುರುವಾರ ನಾಲ್ಕಕ್ಕೆ ಸಾಯಲಿ ಪಗಾರೆ,
ಸಮಾಜಶಾಸ್ತ್ರ, ನನಗಿಂತ ಒಂದೇ ವರ್ಷ ಕಿರಿಯಳು.

‘ದಿನಕ್ಕೆ ಐದು ಕಿಲೋ ಹಪ್ಪಳ ಲಟ್ಟಿಸಲ್ಪಡುತ್ತದೆ’
ಎಂದು ಇಂಗ್ಲಿಷಿನಲ್ಲಿ, ತಪ್ಪೇ ಇಲ್ಲದೆ.

ಯಾರು ಲಟ್ಟಿಸೋದು? ಅಂದೆ.
ಫ್ಯಾನು ಕಿರುಗುಟ್ಟಿತು.
ಆಯೀ, ಅಂದಳು.
ಆಮೇಲೆ, ತಡೆದು: ಶನಿವಾರ ನಾನೂ.

ಪೆನ್ಸಿಲನ್ನು ಅವಳ ಕಡೆ ಉರುಳಿಸಿದೆ.
ವಾಕ್ಯದ ನೆತ್ತಿಗೆ ಸಣ್ಣ ಬಾಣ ಎಳೆದು
ಹೆಸರು ಬರೆದಳು, ಅಳಿಸಿದಳು,
ಮತ್ತೆ ಒತ್ತಿ ಬರೆದಳು.

ಕುರ್ಲಾದಲ್ಲಿ ಹತ್ತಿದ ಲೋಕಲ್,
ಕಾಲೂರಲು ಜಾಗವಿಲ್ಲ.
ಯಾರದೋ ಹೆಗಲಿಗೆ ಒರಗಿಸಿ
ನನ್ನದೇ ಪ್ರಬಂಧ ಬಿಡಿಸಿ ನೋಡಿದೆ:

ಹನ್ನೆರಡು ಪುಟ.
ಒಬ್ಬರೂ ಇಲ್ಲ.